ಮೊದಲು ಅವರ ಮನೆಗೇ ಹೋಗಿ: ಜಗಳ ಬಗೆಹರಿಸಲು ಕ್ರೈಸ್ತರಿಗೆ ಒಂದು ದಾರಿ

ನಮ್ಮ ಸಭೆಗಳಲ್ಲಿ ಜಗಳ ಅಂದರೆ ಹೊಡೆದಾಟ ಕಮ್ಮಿ, ಮಾತು ಬಿಡುವುದೇ ಜಾಸ್ತಿ. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ತೋಟದ ಬೇಲಿ, ಬೇಸಿಗೆಯಲ್ಲಿ ಸ್ಪ್ರಿಂಕ್ಲರ್‌ಗೆ ಎತ್ತುವ ಹಳ್ಳದ ನೀರು. ಹಾಸನ, ಅರಸೀಕೆರೆಯ ಕಡೆ ಬೋರ್‌ವೆಲ್, ಹೊಲಕ್ಕೆ ಹೋಗುವ ದಾರಿ, ಸೈಟು. ಎಲ್ಲ ಕಡೆಯೂ ಅಪ್ಪನ ಆಸ್ತಿ. ಚರ್ಚಿನಲ್ಲಾದರೆ ಕಮಿಟಿಯ ಲೆಕ್ಕ, ಹಬ್ಬದ ಖರ್ಚು, ಯಾವ ಭಾಷೆಯ ಪೂಜೆ ಎಷ್ಟು ಗಂಟೆಗೆ ಅನ್ನುವುದು. ಭಾನುವಾರ ಅಣ್ಣ ಈ ಕಡೆ ಬೆಂಚಿನಲ್ಲಿ ಕೂರುತ್ತಾರೆ, ತಮ್ಮ ಆ ಕಡೆ. ಕೇಳಿದರೆ ‘ಜಗಳ ಏನೂ ಇಲ್ಲ, ಮಾತಾಡಲ್ಲ ಅಷ್ಟೇ’ ಅನ್ನುತ್ತಾರೆ.

ಇದನ್ನು ಸಮಾಧಾನ ಅಂತ ಕರೆಯಬೇಡಿ. ಇದು ಬೂದಿ ಮುಚ್ಚಿದ ಕೆಂಡ. ಬೆಟ್ಟದ ಮೇಲೆ ಯೇಸು ಧನ್ಯರು ಅಂದಿದ್ದು ಸಮಾಧಾನಪಡಿಸುವವರನ್ನು. ಜಗಳ ಕಂಡು ದೂರ ಸರಿದವರ ಬಗ್ಗೆ ಅಲ್ಲಿ ಒಂದು ಮಾತೂ ಇಲ್ಲ. ಸಮಾಧಾನಪಡಿಸುವುದು ಅಂದರೆ ಎದ್ದು ಹೋಗಿ ಮಾಡಬೇಕಾದ ಕೆಲಸ. ಆ ಕೆಲಸಕ್ಕೆ ಒಂದು ಕ್ರಮವನ್ನೂ ಅವರೇ ಹೇಳಿಕೊಟ್ಟಿದ್ದಾರೆ. ಅದು ಮತ್ತಾಯ 18ನೇ ಅಧ್ಯಾಯದ 15ರಿಂದ 17ನೇ ವಚನಗಳಲ್ಲಿದೆ. ಮೊದಲು ನೀನೊಬ್ಬನೇ ಹೋಗಿ ಅವನೊಬ್ಬನ ಹತ್ತಿರ ಮಾತಾಡು. ಕೇಳದಿದ್ದರೆ ಒಬ್ಬರನ್ನೋ ಇಬ್ಬರನ್ನೋ ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು.

ನಾವು ಮಾಡುವುದು ಇದರ ತಿರುಗುಮುರುಗು. ಮೊದಲು ಮನೆಯವರಿಗೆ ಹೇಳುತ್ತೇವೆ. ಆಮೇಲೆ ಭಾವಮೈದುನನಿಗೆ, ಆಮೇಲೆ ವಾಟ್ಸ್ಆ್ಯಪ್ ಗ್ರೂಪಿಗೆ, ಆಮೇಲೆ ಫಾದರ್ ಹತ್ತಿರವೋ ಪಾಸ್ಟರ್ ಹತ್ತಿರವೋ ದೂರು. ಯಾರ ಮೇಲೆ ಬೇಜಾರೋ ಅವರಿಗೆ ಮಾತ್ರ ಕೊನೆಗೆ ಗೊತ್ತಾಗುತ್ತದೆ, ಅದೂ ಮೂರನೆಯವರ ಬಾಯಿಂದ. ಮುಂದೆ ಬರೆದಿರುವುದರಲ್ಲಿ ಒಂದೇ ಒಂದು ಮಾತನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ: ಬೇರೆ ಯಾರ ಕಿವಿಗೂ ಹಾಕುವ ಮುಂಚೆ ಆ ಮನುಷ್ಯನ ಮನೆ ಬಾಗಿಲಿಗೆ ಹೋಗಿ.

ಹೋಗಬೇಕಾ, ಬಿಟ್ಟುಬಿಡಬಹುದಾ?

ಎಲ್ಲದಕ್ಕೂ ಹೋಗಬೇಕಿಲ್ಲ. ತಪ್ಪನ್ನು ಮನ್ನಿಸಿಬಿಡುವುದು ಮನುಷ್ಯನಿಗೆ ಭೂಷಣ ಅನ್ನುತ್ತದೆ ಜ್ಞಾನೋಕ್ತಿ 19:11. ಮದುವೆಗೆ ಕರೆಯುವಾಗ ನಿಮ್ಮ ಹೆಸರು ಮರೆತರು, ಮೀಟಿಂಗಿನಲ್ಲಿ ಯಾರೋ ಒರಟಾಗಿ ಮಾತಾಡಿದರು. ಇಂಥವನ್ನು ಬಿಟ್ಟುಬಿಡಬಹುದು. ಆದರೆ ನಿಜವಾಗಿಯೂ ಬಿಟ್ಟಿದ್ದೀರಾ ಅಂತ ನೋಡಿಕೊಳ್ಳಿ. ಸಂತೆಯಲ್ಲಿ ಅವರು ಎದುರಾದಾಗ ದಾರಿ ಬದಲಾಯಿಸುತ್ತೀರಾ? ಅವರ ಮಕ್ಕಳಿಗೆ ಒಳ್ಳೆಯದಾದರೆ ಹೊಟ್ಟೆ ಉರಿಯುತ್ತದಾ? ಹಾಗಿದ್ದರೆ ನೀವು ಬಿಟ್ಟಿಲ್ಲ, ಒಳಗೆ ಇಟ್ಟುಕೊಂಡಿದ್ದೀರಿ. ಹೋಗಲೇಬೇಕು. ಅವರ ತಪ್ಪಿನಿಂದ ಬೇರೆಯವರಿಗೆ ನಷ್ಟವಾಗುತ್ತಿದ್ದರೂ ಹೋಗಲೇಬೇಕು. ಉದಾಹರಣೆಗೆ ಚರ್ಚಿನ ಹಣದ ಲೆಕ್ಕ ಸರಿಯಿಲ್ಲ ಅಂದರೆ ‘ನಾನು ಕ್ಷಮಿಸಿದೆ’ ಅನ್ನುವ ಹಕ್ಕು ನಿಮಗೊಬ್ಬರಿಗೇ ಇಲ್ಲ.

ಇನ್ನೊಂದು ವಿಷಯ. ತಪ್ಪು ನಿಮ್ಮದಾಗಿದ್ದರೂ ಹೋಗಬೇಕಾದವರು ನೀವೇ. ಕಾಣಿಕೆ ತಂದು ಯಜ್ಞವೇದಿಯ ಹತ್ತಿರ ನಿಂತಿರುವಾಗ, ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು ಅನ್ನುತ್ತಾರೆ ಯೇಸು (ಮತ್ತಾಯ 5:23-24). ಅಲ್ಲಿ ತಪ್ಪು ಮಾಡಿದವನು ಹೋಗಬೇಕು, 18ನೇ ಅಧ್ಯಾಯದಲ್ಲಿ ನೊಂದವನು ಹೋಗಬೇಕು. ‘ಅವರೇ ಮೊದಲು ಬರಲಿ’ ಅನ್ನುವುದಕ್ಕೆ ಯಾವ ಕಡೆಯವರಿಗೂ ಜಾಗ ಉಳಿದಿಲ್ಲ.

ಹೊರಡುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ

ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಗಡೆ ನೀವು ಕಣ್ಣಾರೆ ಕಂಡಿದ್ದು, ಕಿವಿಯಾರೆ ಕೇಳಿದ್ದು ಮಾತ್ರ ಬರೆಯಿರಿ. ಬಲಗಡೆ ಅದರ ಬಗ್ಗೆ ನೀವು ಅಂದುಕೊಂಡಿದ್ದನ್ನು ಬರೆಯಿರಿ. ‘ಅಣ್ಣ ಈ ಸಲ ಬೇಲಿಯನ್ನು ಸಿಲ್ವರ್ ಮರದಿಂದ ಈಚೆಗೆ ಹಾಕಿಸಿದ್ದಾನೆ’ ಅನ್ನುವುದು ಎಡಕ್ಕೆ. ‘ನನ್ನ ಜಾಗ ಹೊಡೆಯಬೇಕು ಅಂತಲೇ ಹಾಕಿಸಿದ್ದಾನೆ, ಅತ್ತಿಗೆ ಹೇಳಿಕೊಟ್ಟಿದ್ದಾರೆ’ ಅನ್ನುವುದು ಬಲಕ್ಕೆ. ಬರೆದು ನೋಡಿದರೆ ಬಲಗಡೆಯೇ ತುಂಬಿರುತ್ತದೆ. ರಾತ್ರಿ ನಿದ್ದೆ ಕೆಡಿಸುವುದೂ ಆ ಕಡೆಯದೇ. ಹೋಗಿ ಮಾತಾಡಬೇಕಾಗಿರುವುದು ಎಡಗಡೆಯದು. ಬಲಗಡೆಯದನ್ನು ಅವರನ್ನೇ ಕೇಳಿ ತಿಳಿದುಕೊಳ್ಳಬೇಕು.

ಹಾಳೆ ತಿರುಗಿಸಿ ನಿಮ್ಮ ಪಾಲಿನ ತಪ್ಪು ಬರೆಯಿರಿ. ಸಹೋದರನ ಕಣ್ಣಿನ ರವೆ ತೆಗೆಯುವ ಮುಂಚೆ ನಿನ್ನ ಕಣ್ಣಿನ ತೊಲೆ ತೆಗೆ ಅಂದಿದ್ದಾರಲ್ವಾ ಯೇಸು. ರವೆಯನ್ನು ತೆಗೆಯಲೇಬೇಡ ಅಂತ ಅವರು ಹೇಳಿಲ್ಲ. ತೊಲೆ ತೆಗೆದ ಮೇಲೆ ಚೆನ್ನಾಗಿ ಕಾಣುತ್ತದೆ, ಆಗ ತೆಗೆಯಬಹುದು ಅಂದಿದ್ದಾರೆ. ನಿಮ್ಮ ತಪ್ಪು ಹತ್ತರಲ್ಲಿ ಒಂದು ಪಾಲೇ ಇರಬಹುದು. ಆ ಒಂದು ಪಾಲಿನ ಪೂರ್ತಿ ಹೊಣೆ ನಿಮ್ಮದು.

ಆಮೇಲೆ ಅವರಿಗಾಗಿ ಹೆಸರು ಹಿಡಿದು ಪ್ರಾರ್ಥನೆ ಮಾಡಿ. ‘ಅವರಿಗೆ ಬುದ್ಧಿ ಕೊಡು’ ಅನ್ನುವ ಪ್ರಾರ್ಥನೆ ಬೇಡ. ಅವರ ಮಗಳ ಓದು, ಅವರ ಮಂಡಿನೋವು, ಅವರ ಕಾಫಿಗೆ ಒಳ್ಳೆಯ ರೇಟು, ಇದನ್ನೆಲ್ಲ ಬೇಡಿಕೊಳ್ಳಿ. ಜಪಸರದ ಹೊತ್ತಿನಲ್ಲೋ ರಾತ್ರಿಯ ಕುಟುಂಬ ಪ್ರಾರ್ಥನೆಯಲ್ಲೋ ಕೆಲವು ದಿನ ಹೀಗೆ ಮಾಡಿದರೆ ಬಾಗಿಲು ತಟ್ಟುವಾಗ ನಿಮ್ಮ ಮುಖವೇ ಬೇರೆ ಇರುತ್ತದೆ.

ಯಾವಾಗ, ಎಲ್ಲಿ, ಹೇಗೆ ಮಾತಾಡುವುದು

ಹೊತ್ತು ನೋಡಿ ಹೋಗಿ. ಡಿಸೆಂಬರ್, ಜನವರಿಯಲ್ಲಿ ಕಾಫಿ ಕುಯ್ಲಿನ ಸಂಜೆ ಹೋಗಬೇಡಿ. ಹಣ್ಣು ತೂಕ ಹಾಕಿ, ಆಳುಗಳ ಲೆಕ್ಕ ಬರೆದು ಸುಸ್ತಾದವರ ಹತ್ತಿರ ಗಡಿ ಮಾತು ತೆಗೆದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಭಾನುವಾರ ಚರ್ಚಿನ ಅಂಗಳ ಬೇಡ, ಹತ್ತು ಜನ ನೋಡುತ್ತಿರುತ್ತಾರೆ. ಯಾರಾದರೂ ಕುಡಿದಿದ್ದರೆ ಸುಮ್ನೆ ವಾಪಸ್ ಬನ್ನಿ. ಫೋನಿನಲ್ಲಿ ‘ಒಂದು ವಿಷಯ ಮಾತಾಡಬೇಕಿತ್ತು, ಯಾವಾಗ ಬರಲಿ’ ಅಂತ ಕೇಳಬಹುದು. ಅಷ್ಟಕ್ಕೇ ಫೋನು ಸಾಕು. ವಾಟ್ಸ್ಆ್ಯಪ್‌ನಲ್ಲಿ ಬರೆದಿದ್ದಕ್ಕೆ ದನಿ ಇರುವುದಿಲ್ಲ. ಓದುವವರು ತಮ್ಮ ಮನಸ್ಸಿನಲ್ಲಿರುವ ದನಿಯಲ್ಲೇ ಓದುತ್ತಾರೆ.

ಸೂರ್ಯ ಮುಳುಗುವ ಮುಂಚೆ ನಿಮ್ಮ ಸಿಟ್ಟು ತೀರಲಿ ಅಂತ ಎಫೆಸದವರಿಗೆ ಬರೆದ ಪತ್ರದಲ್ಲಿದೆ. ಇದನ್ನು ಓದಿ ಅವತ್ತೇ ರಾತ್ರಿ ಎಲ್ಲ ಇತ್ಯರ್ಥವಾಗಬೇಕು ಅಂತ ಹಟ ಹಿಡಿಯುವವರಿದ್ದಾರೆ, ಗಂಡ ಹೆಂಡತಿಯರಲ್ಲಂತೂ ಜಾಸ್ತಿ. ನನ್ನ ಪ್ರಕಾರ ಅಲ್ಲಿ ಹೇಳಿರುವುದು ಸಿಟ್ಟನ್ನು ಸಾಕಬೇಡಿ ಅಂತ. ‘ಈಗ ಇಬ್ಬರಿಗೂ ತಲೆ ಬಿಸಿಯಾಗಿದೆ, ನಾಳೆ ಬೆಳಿಗ್ಗೆ ಕಾಫಿ ಕುಡಿದು ಮಾತಾಡೋಣ’ ಅಂದರೂ ಆ ವಚನ ಪಾಲಿಸಿದ ಹಾಗೆಯೇ. ಆದರೆ ಬೆಳಿಗ್ಗೆ ನಿಜವಾಗಿಯೂ ಮಾತಾಡಬೇಕು.

ಕೂತ ಮೇಲೆ ಮೊದಲು ನಿಮ್ಮ ಪಾಲಿನ ತಪ್ಪು ಹೇಳಿ. ಆಮೇಲೆ ಎಡಗಡೆಯ ವಿಷಯ. ಹೆಚ್ಚು ಕಮ್ಮಿ ಹೀಗೆ:

‘ಅಣ್ಣಾ, ಹೋದ ತಿಂಗಳು ಮೇಸ್ತ್ರಿ ಎದುರು ನಿನ್ನ ಬಗ್ಗೆ ಕೆಟ್ಟದಾಗಿ ಮಾತಾಡ್ದೆ. ಅದು ತಪ್ಪಾಯ್ತು. ಬೇಲಿ ಈ ಸಲ ಸಿಲ್ವರ್ ಮರದಿಂದ ಈಚೆ ಬಂದಿದೆ. ನೋಡಿ ನಂಗೆ ಬೇಜಾರಾಯ್ತು. ಯಾಕೆ ಹಂಗೆ ಹಾಕಿಸ್ದೆ ಅಂತ ನಂಗೆ ಗೊತ್ತಿಲ್ಲ. ನೀನೇ ಹೇಳು, ಕೇಳ್ತೀನಿ.’

ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕೇಳಿ. ಇದೇ ಕಷ್ಟದ ಭಾಗ. ಕೇಳುವುದಕ್ಕೆ ಬೇಗ, ಮಾತಾಡುವುದಕ್ಕೆ ನಿಧಾನ ಅನ್ನುತ್ತಾನೆ ಯಾಕೋಬ (1:19). ಅವರು ಮುಗಿಸಿದ ಮೇಲೆ ಅವರ ಮಾತನ್ನೇ ನಿಮ್ಮ ಬಾಯಲ್ಲಿ ಒಮ್ಮೆ ಹೇಳಿ: ‘ಅಂದ್ರೆ ಕಾಡುಹಂದಿ ಬಂದು ಹಳೇ ಬೇಲಿ ಕಿತ್ತು ಹಾಕಿತ್ತು, ಆಳುಗಳು ಹೊಸದು ಹಾಕೋವಾಗ ನೀನು ಇರಲಿಲ್ಲ, ಅಲ್ವಾ?’ ತನ್ನ ಮಾತು ಎದುರಿನವರಿಗೆ ಅರ್ಥವಾಗಿದೆ ಅಂತ ಗೊತ್ತಾದ ಕೂಡಲೇ ಮನುಷ್ಯನ ದನಿ ತಗ್ಗುತ್ತದೆ. ಅರ್ಥವಾಯಿತು ಅಂದಮಾತ್ರಕ್ಕೆ ಒಪ್ಪಿದ ಹಾಗಲ್ಲ, ಆ ಹೆದರಿಕೆ ಬೇಡ.

‘ಯಾವಾಗಲೂ’, ‘ಯಾವತ್ತೂ’, ‘ನಿಮ್ಮ ಮನೆಯವರೇ ಹಂಗೆ’ ಅನ್ನುವ ಮಾತುಗಳನ್ನು ಮನೆಯಲ್ಲೇ ಬಿಟ್ಟು ಹೋಗಿ. ಸತ್ತವರನ್ನು ಮಾತಿಗೆ ಎಳೆಯಬೇಡಿ. ‘ಬೈಬಲಿನಲ್ಲಿ ಹೀಗಿದೆ’ ಅಂತ ಅವರ ಮೇಲೆ ವಚನ ಎಸೆಯಬೇಡಿ. ವಚನ ಇರುವುದು ನಿಮ್ಮನ್ನು ಅಲ್ಲಿಗೆ ಕಳಿಸುವುದಕ್ಕೆ.

ತಪ್ಪು ಒಪ್ಪಿಕೊಳ್ಳುವುದು, ಹಿಂದಕ್ಕೆ ಕೊಡುವುದು

‘ನಿಂಗೆ ಬೇಜಾರಾಗಿದ್ರೆ ಸಾರಿ’ ಅನ್ನುವುದು ಕ್ಷಮೆ ಕೇಳಿದ ಹಾಗಲ್ಲ. ‘ತಪ್ಪಾಯ್ತು, ಆದ್ರೆ ನೀನೂ...’ ಅನ್ನುವುದೂ ಅಲ್ಲ. ಮಾಡಿದ್ದನ್ನು ಹೆಸರಿಟ್ಟು ಹೇಳಿ. ಅದರಿಂದ ಅವರಿಗೆ ಏನಾಯಿತು ಅಂತ ಹೇಳಿ. ಹೇಗೆ ಸರಿಮಾಡುತ್ತೀರಿ ಅಂತ ಹೇಳಿ. ಅಲ್ಲಿಗೆ ನಿಲ್ಲಿಸಿ.

ಸರಿಮಾಡುವ ಭಾಗವನ್ನು ನಮ್ಮ ಪ್ರಸಂಗಗಳಲ್ಲಿ ಬೇಗ ದಾಟಿಸಿಬಿಡುತ್ತೇವೆ ಅಂತ ನನಗೆ ಅನ್ನಿಸುತ್ತದೆ. ಲೂಕ 19ರಲ್ಲಿ ಸುಂಕದವನಾದ ಜಕ್ಕಾಯ ಅತ್ತು ಕರೆದಿದ್ದು ಬರೆದಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡಿದ್ದಕ್ಕೆ ನಾಲ್ಕರಷ್ಟು ವಾಪಸ್ ಅಂತ ಲೆಕ್ಕ ಹೇಳಿದ್ದು ಬರೆದಿದೆ. ಇವತ್ತು ಈ ಮನೆಗೆ ರಕ್ಷಣೆ ಬಂತು ಅಂತ ಯೇಸು ಹೇಳಿದ್ದು ಅದಾದ ಮೇಲೆ. ಕಡಿದ ಮರದ ದುಡ್ಡು, ತಡೆಹಿಡಿದ ಗುತ್ತಿಗೆ ಹಣ, ಹತ್ತು ಜನರ ಎದುರು ಹೋದ ಮರ್ಯಾದೆ, ಇದೆಲ್ಲ ಹಿಂದಕ್ಕೆ ಬರಬೇಕು. ಮರ್ಯಾದೆ ತೆಗೆದಿದ್ದು ಹತ್ತು ಜನರ ಎದುರಾದರೆ ತಪ್ಪು ಒಪ್ಪಿಕೊಳ್ಳುವುದೂ ಆ ಹತ್ತು ಜನರ ಎದುರೇ ಆಗಬೇಕು.

ಕ್ಷಮಿಸುವವರಿಗೂ ಒಂದು ಮಾತು. ಕ್ಷಮೆ ಬೇರೆ, ನಂಬಿಕೆ ಬೇರೆ. ಯೋಸೇಫ ತನ್ನನ್ನು ಮಾರಿಬಿಟ್ಟಿದ್ದ ಅಣ್ಣಂದಿರಿಗೆ ಧಾನ್ಯ ಕೊಟ್ಟ, ಅವರ ದುಡ್ಡನ್ನೂ ಗೋಣಿಯಲ್ಲಿಟ್ಟು ಕಳಿಸಿದ. ಆದರೆ ತಮ್ಮ ಬೆನ್ಯಾಮೀನನಿಗಾಗಿ ಅಣ್ಣ ಯೆಹೂದ ತನ್ನನ್ನೇ ಒತ್ತೆ ಇಡುವುದನ್ನು ಕಂಡ ಮೇಲೆಯೇ ತಾನು ಯಾರು ಅಂತ ಹೇಳಿಕೊಂಡ. ಹಣ ತಿಂದ ಕಮಿಟಿ ಸದಸ್ಯನನ್ನು ಮನಸಾರೆ ಕ್ಷಮಿಸಿ. ಚೆಕ್‌ಬುಕ್ ಅವನ ಕೈಗೆ ಈಗಲೇ ಕೊಡಬೇಕಿಲ್ಲ.

ಬಿಟ್ಟುಕೊಡುವವರು ಯಾರು?

ಆದಿಕಾಂಡ 26ರಲ್ಲಿ ನೀರಿನ ಜಗಳ ಇದೆ, ನಮ್ಮವರೆಲ್ಲ ಓದಬೇಕಾದ್ದು. ಇಸಾಕನ ಆಳುಗಳು ಬಾವಿ ತೋಡಿದರು, ಗೆರಾರಿನ ಕುರುಬರು ‘ನೀರು ನಮ್ಮದು’ ಅಂದರು. ಇಸಾಕ ಬಿಟ್ಟುಕೊಟ್ಟು ಇನ್ನೊಂದು ತೋಡಿಸಿದ. ಅದಕ್ಕೂ ಜಗಳ. ಮತ್ತೂ ಮುಂದೆ ಹೋಗಿ ಮೂರನೆಯದು ತೋಡಿಸಿದ, ಅಲ್ಲಿ ಯಾರೂ ತಕರಾರು ಮಾಡಲಿಲ್ಲ. ಆಮೇಲೆ ಅವನನ್ನು ಓಡಿಸಿದ್ದ ರಾಜ ಅಬೀಮೆಲೆಕನೇ ಹುಡುಕಿಕೊಂಡು ಬಂದ. ಕೂತು ಉಂಡರು, ಆಣೆ ಮಾಡಿದರು, ಸಮಾಧಾನದಿಂದ ಬೀಳ್ಕೊಂಡರು.

ಇಸಾಕನಿಗೆ ಆಳು ಕಾಳು ಎಲ್ಲ ಇತ್ತು, ಇನ್ನೊಂದು ಬಾವಿ ತೋಡಿಸುವ ಶಕ್ತಿ ಇತ್ತು. ಅದಕ್ಕೇ ಬಿಟ್ಟುಕೊಟ್ಟ. ಜಾಗ ಹಂಚಿಕೊಳ್ಳುವಾಗ ಸಹೋದರನ ಮಗ ಲೋಟನಿಗೆ ‘ನೀನೇ ಮೊದಲು ಆರಿಸಿಕೋ’ ಅಂದ ಅಬ್ರಾಮನೂ ದೊಡ್ಡವನೇ. ಈ ಕಥೆಗಳನ್ನು ಹೇಳಬೇಕಾಗಿರುವುದು ಇದ್ದವರಿಗೆ. ತೋಟದ ಲೈನ್ ಮನೆಯಲ್ಲಿರುವ ಕೂಲಿಯವರಿಗೆ ಓವರ್‌ಟೈಮ್ ದುಡ್ಡು ಬಾಕಿ ಇರುವಾಗ ‘ಕ್ರೈಸ್ತರಾಗಿ ಬಿಟ್ಟುಕೊಡಿ’ ಅಂತ ಬುದ್ಧಿ ಹೇಳುವುದು ಅನ್ಯಾಯ. ಹೊಲ ಕೊಯ್ದವರ ತಡೆಹಿಡಿದ ಕೂಲಿ ಕೂಗಿಕೊಳ್ಳುತ್ತಿದೆ, ಆ ಕೂಗು ದೇವರ ಕಿವಿಗೆ ಮುಟ್ಟಿದೆ ಅಂತ ಯಾಕೋಬನ ಪತ್ರದ 5ನೇ ಅಧ್ಯಾಯದಲ್ಲಿದೆ. ಅಲ್ಲಿ ಸಮಾಧಾನ ಆಗಬೇಕಾದರೆ ಮೊದಲು ಕೂಲಿ ಸಂದಾಯವಾಗಬೇಕು.

ಒಬ್ಬರೇ ಹೋಗಿ ಆಗದಿದ್ದರೆ

ಒಬ್ಬರನ್ನೋ ಇಬ್ಬರನ್ನೋ ಕರೆದುಕೊಂಡು ಹೋಗಿ. ನಿಮ್ಮ ಪರ ವಾದ ಮಾಡುವವರು ಬೇಡ. ಎರಡೂ ಕಡೆಯವರು ಗೌರವ ಕೊಡುವವರು ಬೇಕು. ಹಳೆಯ ಮೇಷ್ಟ್ರು, ಸಿಸ್ಟರ್, ಸಭೆಯ ಹಿರಿಯರು, ಎರಡೂ ಮನೆಗೆ ಬೇಕಾದ ಸೋದರಮಾವ, ಹೀಗೆ. ಹೆಂಗಸರ ಜಗಳಕ್ಕೆ ಬರೀ ಗಂಡಸರನ್ನು ಕೂರಿಸಬೇಡಿ. ಯಾರು ಬರಬೇಕು ಅಂತ ಎದುರಿನವರನ್ನೂ ಕೇಳಿ.

ಹಾಗೆ ಹೋದವರು ತೀರ್ಪು ಕೊಡಬಾರದು, ದಂಡ ಹಾಕಬಾರದು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರುವಂತೆ ನೋಡಿಕೊಳ್ಳುವುದು, ‘ನಿಂಗೆ ನಿಜವಾಗಿ ಬೇಕಾಗಿರೋದು ಏನು’ ಅಂತ ಇಬ್ಬರನ್ನೂ ಕೇಳುವುದು ಅವರ ಕೆಲಸ. ಒಬ್ಬರಿಗೆ ಜಾಗಕ್ಕಿಂತ ಪಿಕಪ್ ಹೋಗುವ ದಾರಿ ಬೇಕಿರುತ್ತದೆ, ಇನ್ನೊಬ್ಬರಿಗೆ ಅಪ್ಪ ನೆಟ್ಟ ಮರ ಉಳಿದರೆ ಸಾಕಿರುತ್ತದೆ. ಒಪ್ಪಿದ್ದನ್ನು ಅರ್ಧ ಹಾಳೆಯಲ್ಲಾದರೂ ಬರೆಯಿರಿ. ಯಾರು, ಏನು, ಯಾವ ತಾರೀಕಿನೊಳಗೆ ಅನ್ನುವುದು ಇರಲಿ, ಇಬ್ಬರೂ ಸಹಿ ಹಾಕಲಿ. ಅಲ್ಲಿ ಕೇಳಿದ್ದು ಆ ಮನೆಯ ಹೊಸಿಲು ದಾಟಬಾರದು.

ಆಸ್ತಿ ವಿಷಯಕ್ಕೆ ಬಂದರೆ

ಪ್ರಾರ್ಥನೆ ಮಾಡಿ, ಕಾನೂನನ್ನೂ ತಿಳಿದುಕೊಳ್ಳಿ. ಎಷ್ಟೋ ಜಗಳ ಹುಟ್ಟುವುದು ಗೊತ್ತಿಲ್ಲದೆ. ಕ್ರೈಸ್ತರೊಬ್ಬರು ಉಯಿಲು ಬರೆಯದೆ ತೀರಿಕೊಂಡರೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಉಳಿದ ಎರಡು ಪಾಲು ಮಕ್ಕಳಿಗೆ ಸಮನಾಗಿ ಹೋಗುತ್ತದೆ. ಗಂಡು, ಹೆಣ್ಣು ಅನ್ನುವ ಭೇದ ಇಲ್ಲ. ಅಪ್ಪನ ಹೆಸರಿನಲ್ಲಿ ಆರು ಎಕರೆ ಇದ್ದು ನಾಲ್ಕು ಮಕ್ಕಳಿದ್ದರೆ ಅಮ್ಮನಿಗೆ ಎರಡು ಎಕರೆ, ಮಕ್ಕಳಿಗೆ ತಲಾ ಒಂದು. ‘ಅಕ್ಕನಿಗೆ ಮದುವೆಯಲ್ಲಿ ಒಡವೆ ಹಾಕಿದ್ದೀವಲ್ಲ’ ಅನ್ನುವ ಮಾತು ಕಾನೂನಿನಲ್ಲಿ ನಿಲ್ಲುವುದಿಲ್ಲ. ಅಕ್ಕ ಮನಸ್ಸಿನಿಂದ ಬಿಟ್ಟುಕೊಡುವುದು ಬೇರೆ. ಹಬ್ಬಕ್ಕೆ ಕರೆದು, ಊಟ ಹಾಕಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳುವುದು ಬೇರೆ. ಅಪ್ಪ ಅಮ್ಮ ಗಟ್ಟಿಯಾಗಿರುವಾಗಲೇ ಮಕ್ಕಳನ್ನೆಲ್ಲ ಕೂರಿಸಿಕೊಂಡು ಉಯಿಲು ಬರೆದರೆ ಮುಂದಿನ ಅರ್ಧ ಜಗಳ ಅಲ್ಲೇ ತೀರುತ್ತದೆ.

ಗಡಿ ಎಲ್ಲಿದೆ ಅಂತ ಇಬ್ಬರಿಗೂ ಗೊತ್ತಿಲ್ಲದಿದ್ದರೆ ನಾಡಕಚೇರಿಯಲ್ಲಿ ಹದ್ದುಬಸ್ತಿಗೆ ಅರ್ಜಿ ಹಾಕಿ. ಸರ್ಕಾರಿ ಸರ್ವೆಯರ್ ಬಂದು ಅಳೆದು ಗಡಿ ತೋರಿಸುತ್ತಾರೆ. ಅದಕ್ಕೆ ಮುಂಚೆ ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ಹೋಗುತ್ತದೆ. ಆ ನೋಟಿಸ್ ಮುಟ್ಟುವ ಮುಂಚೆ ನೀವೇ ಹೋಗಿ ‘ಅಳತೆ ಮಾಡಿಸ್ತಾ ಇದೀನಿ, ನೀವೂ ಇರಿ, ಇಬ್ರಿಗೂ ಗೊತ್ತಾಗುತ್ತೆ’ ಅಂತ ಹೇಳಿ. ಅದೇ ಅಳತೆ, ಅದೇ ನೋಟಿಸ್, ಆದರೆ ಹೇಳದೆ ಬಂದರೆ ಯುದ್ಧ ಶುರುವಾಗುತ್ತದೆ.

ಕೋರ್ಟಿಗೆ ಹೋಗಬಾರದಾ? ಸಹೋದರರು ಪರಸ್ಪರ ವ್ಯಾಜ್ಯವಾಡುವುದನ್ನು ನೋಡಿ ಪೌಲ ತುಂಬ ನೊಂದುಕೊಂಡಿದ್ದ (1 ಕೊರಿಂಥ 6). ಆದರೆ ಅವನೇ ತನ್ನ ಜೀವಕ್ಕೆ ಕುತ್ತು ಬಂದಾಗ ಚಕ್ರವರ್ತಿಗೆ ಮೇಲ್ಮನವಿ ಮಾಡಿದ. ಕೇಸ್ ಆಗಲೇ ನಡೆಯುತ್ತಿದ್ದರೂ ಲೋಕ ಅದಾಲತ್ ಇದೆ. ಹಾಸನ, ಚಿಕ್ಕಮಗಳೂರು ಎರಡೂ ಕಡೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಬಹುದು, ಸಹಾಯವಾಣಿ 15100. ಅಲ್ಲಿ ಇಬ್ಬರೂ ಒಪ್ಪಿ ಆದ ತೀರ್ಮಾನಕ್ಕೆ ಕೋರ್ಟಿನ ಡಿಕ್ರಿಯಷ್ಟೇ ಬೆಲೆ ಇದೆ, ಅಪೀಲು ಇಲ್ಲ. ಕೋರ್ಟಿಗೆ ಕಟ್ಟಿದ ಶುಲ್ಕವೂ ವಾಪಸ್ ಸಿಗುತ್ತದೆ.

ಜಗಳ ಚರ್ಚಿನ ಒಳಗೇ ಆದರೆ

ಚಿಕ್ಕಮಗಳೂರು ಕಥೋಲಿಕ ಧರ್ಮಕ್ಷೇತ್ರ ಆಗಿದ್ದು 1963ರಲ್ಲಿ. ಇವತ್ತು ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳು ಅದರಲ್ಲೇ ಇವೆ. ಒಂದೇ ಚರ್ಚಿನಲ್ಲಿ ಮನೆಮಾತು ಕನ್ನಡ, ಕೊಂಕಣಿ, ತಮಿಳು, ಮಲಯಾಳ ಎಲ್ಲ ಇರುತ್ತದೆ. ಮಂಗಳೂರು ಕಡೆಯಿಂದ ಬಂದವರು, ತೋಟದ ಕೆಲಸಕ್ಕೆ ಬಂದು ನೆಲೆಸಿದವರು, ಇಲ್ಲಿಯವರೇ. ಹಾಗಾಗಿ ‘ನಮ್ಮವರನ್ನು ಕಡೆಗಣಿಸುತ್ತಿದ್ದಾರೆ’ ಅನ್ನುವ ಮಾತು ಬೇಗ ಏಳುತ್ತದೆ.

ಯೆರೂಸಲೇಮಿನ ಮೊದಲ ಸಭೆಯಲ್ಲೂ ಇದೇ ಆಯಿತು. ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವವರ ವಿಧವೆಯರಿಗೆ ಸಿಗುತ್ತಿಲ್ಲ ಅಂತ ಗೊಣಗಾಟ ಎದ್ದಿತು (ಅಪೊಸ್ತಲರ ಕೃತ್ಯಗಳು 6). ಅಪೊಸ್ತಲರು ‘ಗೊಣಗುವುದು ಪಾಪ’ ಅಂತ ಬಾಯಿ ಮುಚ್ಚಿಸಲಿಲ್ಲ. ಎಲ್ಲರನ್ನೂ ಸೇರಿಸಿ, ನೀವೇ ಏಳು ಜನರನ್ನು ಆರಿಸಿ ಅಂದರು. ಆರಿಸಿದವರ ಪಟ್ಟಿ ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳೇ. ನೊಂದ ಕಡೆಯವರ ಕೈಗೇ ಹಂಚುವ ಸೌಟು ಕೊಟ್ಟರು ಅಂತ ಕಾಣುತ್ತದೆ. ನಿಮ್ಮ ಚರ್ಚಿನಲ್ಲಿ ಒಂದು ಗುಂಪು ಮುನಿಸಿಕೊಂಡಿದ್ದರೆ ಮುಂದಿನ ಹಬ್ಬದ ಲೆಕ್ಕ ಅವರ ಕೈಗೇ ಕೊಡಿ.

ಇಂಥ ಮಾತುಕತೆ ಒಂದು ಮೀಟಿಂಗಿಗೆ ಮುಗಿಯುವುದಿಲ್ಲ, ಅದಕ್ಕೆ ಬೇಸರಪಡಬೇಡಿ. ಹಾಸನದಲ್ಲಿ ರೆಡ್‌ಫರ್ನ್ ಆಸ್ಪತ್ರೆ ನಡೆಸುತ್ತಿದ್ದ ಮೆಥೊಡಿಸ್ಟರು, ಆಂಗ್ಲಿಕನ್ನರು ಮತ್ತು ಉಳಿದವರು ಸೇರಿ ಸಿಎಸ್ಐ (ದಕ್ಷಿಣ ಭಾರತ ಸಭೆ) ಆಗಿದ್ದು 1947ರ ಸೆಪ್ಟೆಂಬರ್ 27ರಂದು. ತಮಿಳುನಾಡಿನ ತರಂಗಂಬಾಡಿಯಲ್ಲಿ ಮಾತು ಶುರುವಾಗಿದ್ದು 1919ರಲ್ಲಿ. ಬಿಷಪ್ ಹೇಗಿರಬೇಕು, ದೀಕ್ಷೆ ಯಾರು ಕೊಡಬೇಕು ಅಂತ 28 ವರ್ಷ ಕೂತು ಮಾತಾಡಿದರು.

ಸಭೆಯ ಮಾತನ್ನೂ ಕೇಳದವನನ್ನು ಅನ್ಯಜನದವನಂತೆ, ಸುಂಕದವನಂತೆ ನೋಡು ಅಂತ ಮತ್ತಾಯ 18:17 ಹೇಳುತ್ತದೆ. ಬಹಿಷ್ಕಾರಕ್ಕೆ ಈ ವಚನ ಎತ್ತುವವರು ಒಂದು ವಿಷಯ ನೆನಪಿಡಬೇಕು. ಇದನ್ನು ಬರೆದಿಟ್ಟ ಸುವಾರ್ತೆಗೆ ಮತ್ತಾಯನ ಹೆಸರಿದೆ, ಅವನೇ ಸುಂಕದವನು. ಯೇಸು ಅವನ ಮನೆಯಲ್ಲಿ ಊಟಕ್ಕೆ ಕೂತಿದ್ದರು.

ಈ ಕ್ರಮ ಅನ್ವಯಿಸದ ಕಡೆ

ಗಂಡ ಹೊಡೆಯುತ್ತಿದ್ದರೆ ‘ನೀನೊಬ್ಬಳೇ ಹೋಗಿ ಮಾತಾಡು’ ಅಂತ ಯಾರಿಗೂ ಹೇಳಬೇಡಿ. ಮೊದಲು ಆ ಹೆಣ್ಣುಮಗಳನ್ನು ಸುರಕ್ಷಿತ ಜಾಗಕ್ಕೆ ಸೇರಿಸಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು ಅಂತ 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ಮಕ್ಕಳ ಸಹಾಯವಾಣಿ 1098. ಚರ್ಚಿನ ಹೆಸರು ಹಾಳಾಗುತ್ತದೆ, ಒಳಗೇ ರಾಜಿ ಮಾಡೋಣ ಅನ್ನುವವರ ಮಾತು ಕೇಳಬೇಡಿ. ಅದು ರಾಜಿ ಮಾಡುವ ವಿಷಯವೇ ಅಲ್ಲ.

ಎಷ್ಟು ಮಾಡಿದರೂ ಆಗದಿದ್ದರೆ

ಸಾಧ್ಯವಾದರೆ, ನಿಮ್ಮಿಂದಾಗುವ ಮಟ್ಟಿಗೆ ಎಲ್ಲರ ಸಂಗಡ ಸಮಾಧಾನದಿಂದಿರಿ ಅನ್ನುತ್ತಾನೆ ಪೌಲ (ರೋಮ 12:18). ನಿಮ್ಮಿಂದಾಗದ್ದೂ ಇದೆ ಅಂತ ಅವನಿಗೆ ಗೊತ್ತಿತ್ತು. ಸುವಾರ್ತೆಯ ಪ್ರಯಾಣಕ್ಕೆ ಮಾರ್ಕನನ್ನು ಕರೆದುಕೊಂಡು ಹೋಗುವ ವಿಷಯಕ್ಕೆ ಅವನಿಗೂ ಜೊತೆಗಾರ ಬಾರ್ನಬನಿಗೂ ತೀಕ್ಷ್ಣ ವಾಗ್ವಾದವಾಗಿ ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು. ಪೌಲನ ಹೆಸರಿನ ಕೊನೆಯ ಪತ್ರದಲ್ಲಿ ‘ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತ’ ಅಂತ ಇದೆ (2 ತಿಮೊಥೆ 4:11).

ಅಲ್ಲಿಯವರೆಗೆ ಬಾಗಿಲು ತೆರೆದಿಡಿ. ಎದುರು ಸಿಕ್ಕರೆ ನಮಸ್ಕಾರ ಹೇಳಿ. ಅವರ ಮನೆಯಲ್ಲಿ ಸಾವಾದರೆ ಹೋಗಿ ನಿಲ್ಲಿ. ಕ್ರಿಸ್‌ಮಸ್‌ಗೆ ಎಲ್ಲರ ಮನೆಗೆ ಕಳಿಸುವ ಕುಸ್ವಾರಿನ (ಹಬ್ಬದ ತಿಂಡಿಗಳ) ತಟ್ಟೆ ಅವರ ಮನೆಗೂ ಹೋಗಲಿ. ವಾಪಸ್ ಬಂದರೂ ಮುಂದಿನ ವರ್ಷ ಮತ್ತೆ ಕಳಿಸಿ.

ನೀವೇ ಮೂರನೆಯವರಾದರೆ

ನಮ್ಮಲ್ಲಿ ಹೆಚ್ಚಿನವರು ಹೆಚ್ಚಿನ ದಿನ ಇರುವುದು ಈ ಜಾಗದಲ್ಲೇ. ಯಾರೋ ಬಂದು ‘ನೋಡಿ, ಅವರು ಹಿಂಗ್ ಮಾಡಿದ್ರು’ ಅಂತ ಶುರುಮಾಡುತ್ತಾರೆ. ಕಾಫಿ ಕೊಡಿ, ಕೂರಿಸಿ, ಸಂಕಟ ಕೇಳಿ. ಆಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ‘ಇದನ್ನ ಅವರಿಗೆ ಹೇಳಿದ್ದೀರಾ?’ ಇಲ್ಲ ಅಂದರೆ ‘ಮೊದಲು ಅವರಿಗೆ ಹೇಳಿ. ಹೋಗೋಕೆ ಭಯ ಆದ್ರೆ ಗೇಟಿನವರೆಗೆ ನಾನೂ ಬರ್ತೀನಿ’ ಅನ್ನಿ. ಅವರು ಹೋಗಿ ಬರುವವರೆಗೆ ಆ ವಿಷಯವನ್ನು ಬೇರೆ ಯಾರ ಹತ್ತಿರವೂ ಎತ್ತಬೇಡಿ, ಪ್ರಾರ್ಥನೆಯ ಗುಂಪಿನಲ್ಲಿ ‘ಅವರಿಗಾಗಿ ಪ್ರಾರ್ಥಿಸೋಣ’ ಅನ್ನುವ ನೆಪದಲ್ಲೂ ಬೇಡ.